ದೋಣಿಯ ನೀರು, ಡೋಣಿಯ ನೀರು

ಕನ್ನಡ ನುಡಿಯಲ್ಲಿ ‘ದೋಣಿ’ ಎಂಬ ಶಬ್ದವು ಕಿವಿಗೆ ಬಿದ್ದೊಡನೆ ಹೊನ್ನಾವರ, ಭಟ್ಕಳ, ಮಲ್ಪೆಗಳ ಕಡೆಯವರ ಕಣ್ಣಮುಂದೆ ನೀರಿನ ಮೇಲೆ ತೇಲುವ ನಾವೆಯೊಂದು ಮೂಡುತ್ತದೆ. ಅದೇ ಶಬ್ದದ ಮೊದಲಕ್ಷರವನ್ನು ತುಸು ಗಡುಸುಗೊಳಿಸಿ ‘ಡೋಣಿ’ ಎಂದರೆ ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಒಕ್ಕಲಿಗನ ಕಣ್ಣಮುಂದೆ ನಾವೆಯ ಬದಲು ಒಂದು ಹೊಳೆ ಹರಿಯುತ್ತದೆ. ಮನೆಯ ಮುಂದೆ ಎತ್ತುಗಳಿಗೆ ನೀರುಣಿಸುವ ಕಲ್ಲಿನ ತೊಟ್ಟಿಗೂ ಈ ಸೀಮೆಯಲ್ಲಿ ಡೋಣಿ, ಆಡುಮಾತಿನಲ್ಲಿ ‘ಡ್ವಾಣಿ’, ಎಂದೇ ಹೆಸರು. ಸೂರಿನಿಂದ ಬೀಳುವ ನೀರನ್ನು ಗೋಡೆಯಿಂದಾಚೆಗೆ ಒಯ್ಯುವ ತಗಡಿನ ಕಾಲುವೆಯೂ ದೋಣಿಯೇ. ಬೆಟ್ಟದ ಬಂಡೆಯಲ್ಲಿ ಮಳೆನೀರು ನಿಂತು ಉಳಿಯುವ ಕುಳಿಗೆ ‘ದೊಣೆ’ ಎನ್ನುತ್ತಾರೆ. ಶ್ರವಣಬೆಳಗೊಳದ ಚಿಕ್ಕಬೆಟ್ಟಕ್ಕೆ ಹೋದವರು ಅಲ್ಲಿನ ಕಂಚಿನ ದೊಣೆಯನ್ನೂ ಲಕ್ಕಿದೊಣೆಯನ್ನೂ ಕಂಡಿರುತ್ತಾರೆ. ಪ್ರಸಾದಕ್ಕೆ ಕೈಯೊಡ್ಡಿದಾಗ ದೊರೆಯುವ ಎಲೆಯ ‘ದೊನ್ನೆ’ಯೂ ಈ ಬಳಗದ್ದೇ ಎಂದು ಹೇಳುವದುಂಟು. ಇವೆಲ್ಲ ಸಂಸ್ಕೃತದ ದ್ರೋಣ, ದ್ರೋಣೀ ಶಬ್ದಗಳ ತದ್ಭವಗಳೆಂದು ಒಂದು ಪಕ್ಷ. ತಮಿಳಿನ ‘ತೋಣಿ’ಯನ್ನು ಮುಂದಿಟ್ಟುಕೊಂಡು ದ್ರಾವಿಡಮೂಲವನ್ನೇ ಸಾಧಿಸುವದು ಇನ್ನೊಂದು ಪಕ್ಷ. ವಾದ ಹೇಗೂ ಇರಲಿ. ಸ್ವಾರಸ್ಯವಿರುವದು ಬೇರೊಂದು ಕಡೆಗೆ. ಈ ಬಳಗದ ಶಬ್ದಗಳಲ್ಲಿ ತೊಟ್ಟಿ, ಕುಳಿ, ಕಾಲುವೆ, ದೊನ್ನೆಗಳೆಲ್ಲ ಒಳಗೆ ಏನನ್ನಾದರೂ ಹಿಡಿದಿಡಲು ಹುಟ್ಟಿದ ವಸ್ತುಗಳನ್ನು ಹೇಳಿದರೆ, ನಾವೆಯೊಂದೇ ನೀರನ್ನು ಹೊರಗಿರಿಸಲು ಹುಟ್ಟಿದ್ದು. ಆದರೆ ಆ ನಾವೆಗೂ ಮುಗಿಲಿಗೆ ಬಾಯ್ದೆರೆದು ನೀರನ್ನು ಒಳಗೆ ಹಿಡಿಯಬೇಕಾದ ಹೊತ್ತು ಬರುತ್ತದೆ.

ಕಡಲಯಾನಕ್ಕೆ ಹೊರಡುವವನ ಮೊದಲಿನ ಚಿಂತೆ ಕುಡಿಯುವ ನೀರಿನದು. ಕಣ್ಣು ಹಾಯುವವರೆಗೆ ನೀರೇ ಇದ್ದರೂ ಅದರಲ್ಲಿ ಒಂದು ಗುಟುಕು ಬಾಯಿಗೆ ಬರುವಂಥದಲ್ಲ. ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಕರಗಿರುತ್ತದೆ. ಮನುಷ್ಯನ ಮೂತ್ರಪಿಂಡಗಳು ಅಷ್ಟು ಉಪ್ಪಾದ ದ್ರವವನ್ನು ಹೊರಹಾಕಲಾರವು. ಆದುದರಿಂದ ಕುಡಿದ ಉಪ್ಪನ್ನು ಕಳೆದುಕೊಳ್ಳಲು ದೇಹವು ಕುಡಿದ ನೀರಿಗಿಂತ ಹೆಚ್ಚು ನೀರನ್ನು ತನ್ನೊಳಗಿನಿಂದಲೇ ವೆಚ್ಚಮಾಡಬೇಕಾಗುತ್ತದೆ. ನೀರಡಿಕೆಯು ಕುಡಿದಷ್ಟೂ ಹೆಚ್ಚುತ್ತದೆ. ಒಬ್ಬನೇ ಮನುಷ್ಯನು ದಿನಕ್ಕೆ 3 ಲೀಟರು ನೀರಿನಲ್ಲಿ ನಿರ್ವಾಹ ಮಾಡಿಕೊಂಡರೂ 300 ದಿನಗಳ ಯಾನಕ್ಕೆ 900 ಲೀಟರು ಬೇಕು. ಅಂದರೆ 900 ಕಿಲೋ ಭಾರ. ಗಾಳಿಯನ್ನೇ ನಂಬಿ ಸಾಗುವ ಸಣ್ಣ ಹಾಯಿದೋಣಿಗೆ ಇದು ಸಣ್ಣ ಹೊರೆಯಲ್ಲ. ಹಳೆಯ ಹಡಗುಗಳು ಮರದ ಪೀಪಾಯಿಗಳಲ್ಲಿ ನೀರನ್ನು ಒಯ್ಯುತ್ತಿದ್ದವು. ಕೆಲವು ವಾರಗಳಲ್ಲೇ ಅದು ಪಾಚಿಗಟ್ಟಿ ನಾರುತ್ತಿತ್ತು. ಹೀಗಾಗಿ ನಾವಿಕರು ಬಹುಕಾಲದಿಂದ ಮುಗಿಲನ್ನೇ ತಮ್ಮ ಕೆರೆಯನ್ನಾಗಿ ಮಾಡಿಕೊಂಡಿದ್ದಾರೆ.

ಅವರ ವಿಧಾನ ಸರಳವಾದದ್ದು, ಆದರೆ ಎಚ್ಚರವನ್ನು ಬೇಡುವಂಥದು. ಕೂವೆಕಂಬಕ್ಕೆ ಕಟ್ಟಿದ ದೊಡ್ಡ ಹಾಯಿಯ ಕೆಳಅಂಚಿಗೆ ಒಂದು ಅಡ್ಡಮರವಿರುತ್ತದೆ. ಮಳೆ ಬರುವ ಸೂಚನೆ ಕಂಡೊಡನೆ ಆ ಅಡ್ಡಮರದ ಹೊರತುದಿಯನ್ನು ಹಗ್ಗದಿಂದ ತುಸು ಮೇಲೆತ್ತುತ್ತಾರೆ. ಹಾಯಿಗೆ ಬಡಿದ ಹನಿಗಳೆಲ್ಲ ಬಟ್ಟೆಯ ಮೈಮೇಲೆ ಜಾರಿ, ಕೆಳಅಂಚಿನ ಮಡಿಕೆಯಲ್ಲಿ ಕೂಡಿ, ಕಂಬದ ಕಡೆಗೆ ಹರಿದು ಬರುತ್ತವೆ. ಅಲ್ಲಿ ನೇತುಹಾಕಿದ ಬಕೀಟು ತುಂಬುತ್ತದೆ. ಗಾಳಿ ಕಡಿಮೆಯಿದ್ದರೆ ಬಟ್ಟೆಯ ಚಪ್ಪರವೊಂದನ್ನು ಕಟ್ಟಿ, ಅದರ ನಡುವಿನ ತಗ್ಗಿನಿಂದ ನೀರಿನ ತೊಟ್ಟಿಗೆ ಕೊಳವೆ ಜೋಡಿಸುವದೂ ಉಂಟು. ಆದರೆ ಮೊದಲ ನೀರನ್ನು ಎಂದಿಗೂ ತುಂಬಿಕೊಳ್ಳಲಾಗದು. ಅಲೆಯ ತುಂತುರು ಹಾರಿ ಹಾರಿ ಹಾಯಿಯೆಲ್ಲ ಉಪ್ಪು ಹಿಡಿದಿರುತ್ತದೆ. ಮೊದಲ ಕೆಲವು ನಿಮಿಷಗಳ ಮಳೆ ಆ ಉಪ್ಪನ್ನು ತೊಳೆಯಲಿಕ್ಕೇ ಹೋಗಬೇಕು. ನಾಲಿಗೆಗೆ ಒಂದು ಹನಿ ತಾಗಿಸಿ ನೋಡಿ, ಸಪ್ಪೆಯೆನಿಸಿದ ಮೇಲೆ ಪಾತ್ರೆಯನ್ನೊಡ್ಡಬೇಕು. ಅತಿಯಾಸೆಯಿಂದ ಮೊದಲ ನೀರನ್ನೇ ಒಳಗೆ ಬಿಟ್ಟುಕೊಂಡವನು ತೊಟ್ಟಿಯಲ್ಲಿದ್ದ ಸಿಹಿನೀರನ್ನೂ ಕಳೆದುಕೊಳ್ಳುತ್ತಾನೆ. ಇನ್ನೊಂದು ಪೇಚೆಂದರೆ, ಕಡಲಮೇಲೆ ಜೋರಾದ ಮಳೆಯು ಜೋರಾದ ಗಾಳಿಯನ್ನು ಕೂಡಿಕೊಂಡೇ ಬರುತ್ತದೆ. ಹಾಯಿಯನ್ನು ಇಳಿಸಿ ನಾವೆಯನ್ನು ಉಳಿಸಿಕೊಳ್ಳಬೇಕಾದ ಗಳಿಗೆಯಲ್ಲಿಯೇ ಬಟ್ಟೆಯನ್ನು ಹರಡಿ ನೀರನ್ನೂ ಹಿಡಿಯಬೇಕಾಗುತ್ತದೆ.

ಲೆಕ್ಕವನ್ನು ನೋಡಿದರೆ ಮುಗಿಲು ಕೃಪಣವೇನಲ್ಲ. ಒಂದು ಚದರ ಮೀಟರು ಜಾಗದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರು ನೀರಾಗುತ್ತದೆ. 2 ಮೀಟರು ಉದ್ದ, 2 ಮೀಟರು ಅಗಲದ ಅರಿವೆಯ ಚಪ್ಪರದ ಮೇಲೆ 10 ಮಿಲಿಮೀಟರು ಬಿದ್ದರೆ 40 ಲೀಟರು. ಗಾಳಿಗೆ ಹಾರಿದ್ದು, ತೊಳೆಯಲಿಕ್ಕೆ ಹೋದದ್ದು ಎಂದು ಮೂರರಲ್ಲೊಂದು ಪಾಲನ್ನು ಕಳೆದರೂ ಒಬ್ಬನಿಗೆ ಎಂಟು ಹತ್ತು ದಿನಗಳ ನೀರಾಯಿತು.

ಈ ವಿದ್ಯೆಯನ್ನೇ ನಂಬಿ ಭೂಮಂಡಲವನ್ನು ಸುತ್ತಿಬಂದ ನಾವೆಯೊಂದು ಹುಟ್ಟಿದ್ದು ಭಾರತದಲ್ಲಿಯೇ ಎಂಬ ಸಂಗತಿ ಎಲ್ಲರಿಗೂ ತಿಳಿದಿರಲಾರದು. ‘ಸುಹೈಲಿ’ ಎಂಬ ಹೆಸರಿನ, 32 ಅಡಿ ಉದ್ದದ ಆ ತೇಗದ ಹಾಯಿದೋಣಿಯನ್ನು 1960ರ ದಶಕದ ಮೊದಲರ್ಧದಲ್ಲಿ ಮುಂಬಯಿಯ ಬಡಿಗರು ಕಟ್ಟಿದರು. ಅದರಲ್ಲಿ ರಾಬಿನ್ ನಾಕ್ಸ್-ಜಾನ್ಸ್ಟನ್ ಎಂಬ ಇಂಗ್ಲಿಷ್ ನಾವಿಕನು 1968ರ ಜೂನ್ 14ರಂದು ಇಂಗ್ಲಂಡದ ಫಾಲ್ಮತ್ ಬಂದರದಿಂದ ಒಬ್ಬನೇ ಹೊರಟು, ಎಲ್ಲಿಯೂ ದಡ ಮುಟ್ಟದೆ, 1969ರ ಏಪ್ರಿಲ್ 22ರಂದು ಅಲ್ಲಿಗೇ ಮರಳಿದನು. ಆ ಸ್ಪರ್ಧೆಗೆ ಹೊರಟ ಒಂಬತ್ತು ಜನರಲ್ಲಿ ಕೊನೆಮುಟ್ಟಿದವನು ಅವನೊಬ್ಬನೇ. ದಾರಿ ಅರ್ಧವಾಗುವ ಮುನ್ನವೇ ದಕ್ಷಿಣದ ಒರಟು ಕಡಲಿನಲ್ಲಿ ನಾವೆ ಹೊರಳಾಡಿ, ತೊಟ್ಟಿಯಲ್ಲಿದ್ದ ನೀರು ಕುಡಿಯಲು ಬಾರದಂತೆ ಕೆಟ್ಟುಹೋಯಿತು. ಅವನು ಹಿಂದಿರುಗಲಿಲ್ಲ. ಡಬ್ಬಿಗಳಲ್ಲಿದ್ದ ಅಷ್ಟಿಷ್ಟು ನೀರಿನ ಮೇಲೆ, ಹಾಯಿಯಿಂದ ಬಕೀಟಿಗೆ ಇಳಿದ ಮಳೆಯ ಮೇಲೆ ಭರವಸೆಯಿಟ್ಟು ಮುಂದೆ ಸಾಗಿದನು. ಅದೇ ಸ್ಪರ್ಧೆಯನ್ನು 1968ರ ಕಾಲದ ಸಲಕರಣೆಗಳಿಂದಲೇ ಮುಗಿಸಬೇಕೆಂಬ ಕಟ್ಟಳೆಯೊಡನೆ 2018ರಲ್ಲಿ ಮತ್ತೆ ನಡೆಸಿದಾಗ ಭಾರತೀಯ ನೌಕಾದಳದ ಅಭಿಲಾಷ್ ಟಾಮಿ ಕಡಲಮಧ್ಯದಲ್ಲಿ ಕೂವೆ ಮುರಿದು ಬೆನ್ನಿಗೆ ಪೆಟ್ಟುತಿಂದರು. 2022ರಲ್ಲಿ ಮತ್ತೆ ಹೊರಟು 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ದಡ ಸೇರಿದರು. ಅಂಥ ಯಾನದಲ್ಲಿ ಮುಗಿಲಿನ ನೀರಿಗೆ ಇರುವ ಬೆಲೆ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಡಲಿನಿಂದ ನೂರಾರು ಮೈಲು ದೂರದ ಎರೆನೆಲಕ್ಕೆ ಈ ಕಥೆಗಳಿಂದ ಆಗಬೇಕಾದದ್ದೇನು ಎಂದು ಕೇಳುವವರಿದ್ದಾರೆ. ಅವರು ಒಮ್ಮೆ ಡೋಣಿಯ ದಂಡೆಗೆ ಬರಬೇಕು.

ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ ಹುಟ್ಟಿ, ವಿಜಯಪುರ ಜಿಲ್ಲೆಯ ನಡುವನ್ನು ಪಡುವಣದಿಂದ ಮೂಡಣಕ್ಕೆ ಸೀಳಿಕೊಂಡು, ತಾಳಿಕೋಟೆಯ ಬದಿಗೆ ಹಾಯ್ದು ಕೃಷ್ಣೆಯನ್ನು ಕೂಡುವ ಈ ಹೊಳೆಯ ನೀರು ಸವಳು. ಬಡಗಣಕ್ಕೆ ಇಂಡಿ, ಸಿಂದಗಿಗಳ ಅಂಚಿನಲ್ಲಿ ಭೀಮೆ. ತೆಂಕಣಕ್ಕೆ ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಅಂಚಿನಲ್ಲಿ ಕೃಷ್ಣೆ. ಎರಡೂ ಸಿಹಿನೀರಿನ ದೊಡ್ಡ ಹೊಳೆಗಳು. ನಡುವಿನ ಡೋಣಿಯ ಬಯಲು ಮಾತ್ರ ಬೆಳೆಗೆ ತಾಯಿ, ಬಾಯಿಗೆ ಮಲತಾಯಿ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ನಾಣ್ಣುಡಿ ಸುಳ್ಳಲ್ಲ. ಬಿಳಿಜೋಳಕ್ಕೆ ಇಂಥ ಎರೆಭೂಮಿ ಬೇರೆ ಕಡೆಗೆ ಸಿಗುವದು ದುರ್ಲಭ. ಆದರೆ ಕಾಳನ್ನು ಕೊಡುವ ಆ ಕರಿಮಣ್ಣೇ ನೀರನ್ನು ಕೆಡಿಸುತ್ತದೆ. ಎರೆಯು ನೀರನ್ನು ಬೇಗ ಕೆಳಗಿಳಿಯಗೊಡದು. ಮಳೆಯೋ ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನ ಆಸುಪಾಸು. ಬೇಸಿಗೆಯ ಬಿಸಿಲೋ ನೆಲ ಬಿರಿಯುವಂಥದು. ಕಲ್ಲುಮಣ್ಣಿನಿಂದ ಕರಗಿಬಂದ ಲವಣಗಳನ್ನು ತೊಳೆದು ಒಯ್ಯುವಷ್ಟು ನೀರು ಕೆಳಗಿಳಿಯುವದಿಲ್ಲ. ಇಳಿದಷ್ಟನ್ನು ಬಿಸಿಲು ಮೇಲಕ್ಕೆ ಹೀರಿ ಉಪ್ಪನ್ನು ಅಲ್ಲಿಯೇ ಬಿಡುತ್ತದೆ. ಸಾವಿರಾರು ವರ್ಷಗಳ ಈ ವ್ಯವಹಾರದ ಜಮಾಖರ್ಚು ಬಾವಿಯ ತಳದಲ್ಲಿ ಸವಳಾಗಿ ಕುಳಿತಿದೆ. ಆ ಬಾವಿಗಳ ಒರತೆಯೇ ಬೇಸಿಗೆಯಲ್ಲಿ ಹೊಳೆಗೂ ಇಳಿಯುತ್ತದೆ. ಮಳೆಗಾಲದಲ್ಲಿ ಊರಿಗೆ ನುಗ್ಗಿ ದಾರಿಕಟ್ಟುವ ಡೋಣಿಯು ವೈಶಾಖದಲ್ಲಿ ಬತ್ತಿ ನಿಂತಾಗ, ದಂಡೆಯ ಮಣ್ಣಿನ ಮೇಲೆ ಬಿಳಿಯ ಉಪ್ಪಿನ ಹೊಪ್ಪಳೆ ಕಾಣುತ್ತದೆ. ಹಡಗಿನವನ ಬಾಯಾರಿಕೆಯೂ ಈ ದಂಡೆಯವನ ಬಾಯಾರಿಕೆಯೂ ಒಂದೇ ಜಾತಿಯವು.

ಸವಳುನೀರಿನ ಕಷ್ಟವು ಮೊದಲು ತಿಳಿಯುವದು ಅಡಿಗೆಮನೆಯಲ್ಲಿ. ಭೀಮೆಯ ದಂಡೆಯ ಊರಿನಿಂದ ಡೋಣಿಯ ಕಡೆಗೆ ಮದುವೆಯಾಗಿ ಬಂದ ಹೆಣ್ಣುಮಗಳು ಮೊದಲ ದಿನ ಒಲೆಯ ಮುಂದೆ ಕುಳಿತು ತೊಗರಿಬೇಳೆಯನ್ನು ಬೇಯಿಸಿಯೇ ಬೇಯಿಸುತ್ತಾಳೆ. ಕಟ್ಟಿಗೆ ತೀರುತ್ತದೆ, ಬೇಳೆ ಕರಗುವದಿಲ್ಲ. “ಬ್ಯಾಳಿಗಿ ದ್ವಾಷ ಇಲ್ಲವಾ, ನೀರಿಗಿ ಐತಿ” ಎಂದು ಅತ್ತೆಯಾದವಳು ಸಮಾಧಾನ ಹೇಳಬೇಕಾಗುತ್ತದೆ. ಚಹಕ್ಕೆ ಹಾಲು ಬೆರೆಸಿದರೆ ಒಡೆಯುತ್ತದೆ. ಸಬಕಾರಕ್ಕೆ ನೊರೆ ಬಾರದು. ಇಂಥ ಮನೆಗಳಲ್ಲಿ ಎರಡು ಬಗೆಯ ನೀರು ಇರುತ್ತಿತ್ತು: ಬಳಸುವ ನೀರು, ಕುಡಿಯುವ ನೀರು. ಕುಡಿಯುವ ನೀರಿನ ಹರವಿಗೆ ಬೇರೆ ಜಾಗ, ಬೇರೆ ತಂಬಿಗೆ, ಮೇಲೆ ಮುಚ್ಚಳ. ಆ ನೀರು ಮೈಲುಗಟ್ಟಲೆ ದೂರದ ಸಿಹಿಬಾವಿಯಿಂದಲೋ ಕೆರೆಯಿಂದಲೋ ತಲೆಯ ಮೇಲೆ, ಇಲ್ಲವೆ ಬಂಡಿಯ ಮೇಲಿನ ಪೀಪಾಯಿಯಲ್ಲಿ ಬರಬೇಕಾಗಿತ್ತು. ಹೊತ್ತು ತರುವವರು ಹೆಂಗಸರು, ಎಣಿಸಿ ಕುಡಿಯುವವರು ಮನೆಮಂದಿ. ನೀರಿಲ್ಲದ ಊರಿಗೆ ಹೆಣ್ಣು ಕೊಡಬಾರದೆಂಬ ಮಾತು ಈ ಸೀಮೆಯಲ್ಲಿ ಬರಿಯ ಮಾತಾಗಿ ಉಳಿಯಲಿಲ್ಲ. ಎಷ್ಟೋ ಸಂಬಂಧಗಳು ಅದರಿಂದ ಮುರಿದವು. 1972ರ ಬರಗಾಲವನ್ನು ಕಂಡ ಹಿರಿಯರು ಆಗಿನ ಜೋಳದ ಕೊರತೆಯನ್ನು ಹೇಳುವದಕ್ಕಿಂತ ಹೆಚ್ಚಾಗಿ ಕೊಡದ ಸಾಲನ್ನು ನೆನೆಯುತ್ತಾರೆ.

ಇದಲ್ಲದೆ ಕಣ್ಣಿಗೂ ನಾಲಿಗೆಗೂ ತಿಳಿಯದ ಇನ್ನೊಂದು ದೋಷವು ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಕೆಲವು ಊರುಗಳ ಕೊಳವೆಬಾವಿಗಳಲ್ಲಿ ಕಂಡುಬಂದಿದೆ. ಅದು ಫ್ಲೋರೈಡು. ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿದ ನೀರನ್ನು ಬಾಲ್ಯದಿಂದ ಕುಡಿದವರ ಹಲ್ಲಿನ ಮೇಲೆ ಕಂದುಗೆರೆಗಳು ಮೂಡುತ್ತವೆ; ಪ್ರಮಾಣವು ಬಹಳ ಹೆಚ್ಚಿದಲ್ಲಿ, ಬಹುಕಾಲ ಕುಡಿದಲ್ಲಿ, ಎಲುಬುಗಳು ಬಿಗಿಯುತ್ತವೆ. ಕಾಯಿಸಿದರೆ ಅದು ಹೋಗುವದಿಲ್ಲ. ಭೂಮಿಯನ್ನು ಮುಟ್ಟುವ ಮೊದಲೇ ಹಿಡಿದ ಮಳೆಯ ನೀರಿನಲ್ಲಿ ಸವಳೂ ಇಲ್ಲ, ಈ ದೋಷವೂ ಇಲ್ಲವೆನ್ನಬಹುದು.

ಹಾಗಾದರೆ ಹಿಂದಿನವರು ಈ ನೀರನ್ನು ಹಿಡಿಯಲಿಲ್ಲವೆ? ಹಿಡಿದರು, ಆದರೆ ಮನೆಯಲ್ಲಲ್ಲ, ಊರಿನಲ್ಲಿ. ಆದಿಲಶಾಹಿಯ ರಾಜಧಾನಿಯಲ್ಲಿ 1620ರ ತಾಜ ಬಾವಡಿ, 1651ರ ಬೇಗಮ ತಲಾಬ ಮೊದಲಾದವು ನಗರದ ನೀರನ್ನು ಕಾಯ್ದುಕೊಂಡವು. ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ, ಬೇಗಮ ತಲಾಬದಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಕೋಟೆಯೊಳಕ್ಕೆ ಬರುತ್ತಿತ್ತು. ಹಳ್ಳಿಗಳಲ್ಲಿ ಕೆರೆ, ಹೊಂಡ, ಮೆಟ್ಟಿಲಬಾವಿಗಳಿದ್ದವು. ಕುಡಿಯುವ ನೀರಿನ ಹೊಂಡದಲ್ಲಿ ದನ ಇಳಿಸಬಾರದು, ಅರಿವೆ ಒಗೆಯಬಾರದು ಎಂಬ ಕಟ್ಟುಪಾಡನ್ನು ಊರೇ ನಡೆಸುತ್ತಿತ್ತು. ಮನೆಯ ಮಾಳಿಗೆಯ ನೀರನ್ನು ಮಾತ್ರ ಕುಡಿಯಲು ಹಿಡಿಯುವ ರೂಢಿ ಬೆಳೆಯಲಿಲ್ಲ. ಅದಕ್ಕೆ ಕಾರಣವೂ ಉಂಟು. ಈ ಸೀಮೆಯ ಹಳೆಯ ಮಾಳಿಗೆಯೆಂದರೆ ತೊಲೆ, ಜಂತಿಗಳ ಮೇಲೆ ಮಣ್ಣು ತುಂಬಿ ತುಳಿದದ್ದು. ಸೋರದಿರಲೆಂದು ವರ್ಷವರ್ಷವೂ ಮಳೆಗಾಲಕ್ಕೆ ಮುಂಚೆ ಅದರ ಮೇಲೆ ಹಾಳುಮಣ್ಣನ್ನು ಹರಡುತ್ತಿದ್ದರು. ಅದರ ಮೇಲೆ ಬಿದ್ದ ನೀರು ದೋಣಿಯಿಂದ ಕೆಂಪಗೋ ಬೆಳ್ಳಗೋ ರಾಡಿಯಾಗಿ ಇಳಿಯುತ್ತಿತ್ತು. ಹೆಚ್ಚೆಂದರೆ ಅದು ದನದ ಡೋಣಿಗೆ ಬಂತು. ಕರಾವಳಿಯ ಕಡೆಗೆ ಹಂಚಿನ ಮಾಡು. ಕೇರಳದ ಕುಟ್ಟನಾಡಿನಲ್ಲಂತೂ ಸುತ್ತಲೂ ಹಿನ್ನೀರು ತುಂಬಿದ್ದರೂ ಮಳೆಯಲ್ಲಿ ಅಂಗಳಕ್ಕೆ ಬಟ್ಟೆ ಕಟ್ಟಿ, ಅದರ ನಡುವಿನಿಂದ ಇಳಿಯುವ ಧಾರೆಗೆ ಕೊಡವಿಟ್ಟು ಕುಡಿಯುವ ನೀರನ್ನು ತುಂಬಿಕೊಳ್ಳುತ್ತಿದ್ದರು. ಹಾಯಿಯ ಉಪಾಯವೇ ಅಲ್ಲಿ ದಡ ಹತ್ತಿತ್ತೆನ್ನಬಹುದು.

ಆದರೂ ಒಂದು ಮಾತು. ಇದೇ ಸೀಮೆಯ ರೈತನು ನೆಲದೊಳಗೆ ಹಗೇವು ತೋಡಿ, ಒಳಗೆ ಹುಲ್ಲು ಹೊಟ್ಟುಗಳ ಪದರವಿಟ್ಟು, ಜೋಳವನ್ನು ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿ ವರ್ಷಗಟ್ಟಲೆ ಕಾಯ್ದವನು. ಸುಗ್ಗಿಯಲ್ಲಿ ಬಂದದ್ದನ್ನು ಬರಗಾಲಕ್ಕೆ ಇರಿಸುವ ಬುದ್ಧಿ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾಳಿಗೆ ಹಗೇವು ಬಂದ ನೆಲದಲ್ಲಿ ನೀರಿಗೆ ಹಗೇವು ಬಾರದೆ ಹೋದದ್ದು ಆ ಮಣ್ಣಿನ ಮಾಳಿಗೆಯ ದೆಸೆಯಿಂದ. ಈಗ ಮಣ್ಣಿನ ಮಾಳಿಗೆ ವಿರಳವಾಗಿದೆ. ಸಿಮೆಂಟಿನ ಮಾಳಿಗೆ, ತಗಡಿನ ಮಾಡು, ತಾಳಿಕೋಟೆಯ ಕಡೆಗೆ ಫರಸಿಯ ಹೊದಿಕೆ. ಇವೆಲ್ಲ ನೀರು ಹಿಡಿಯಲು ಹಾಯಿಗಿಂತಲೂ ಯೋಗ್ಯವಾದವು, ಗಾಳಿಗೆ ಅಲುಗದಂಥವು.

ವಿದ್ಯಾರ್ಥಿಗಳು ಇದರ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. 10 ಮೀಟರು ಉದ್ದ, 6 ಮೀಟರು ಅಗಲದ ಸಾಧಾರಣ ಮನೆಯ ಮಾಳಿಗೆ 60 ಚದರ ಮೀಟರು. 600 ಮಿಲಿಮೀಟರು ಮಳೆಗೆ 36,000 ಲೀಟರು. ತೊಳೆಯಲಿಕ್ಕೆ, ಆರಲಿಕ್ಕೆ, ಸಿಡಿಯಲಿಕ್ಕೆ ಐದರಲ್ಲೊಂದು ಪಾಲು ಬಿಟ್ಟರೂ 28,800 ಲೀಟರು ಕೈಗೆ ಬರುತ್ತದೆ. ಮಳೆ ಅರ್ಧಕ್ಕರ್ಧ ಕೈಕೊಟ್ಟ ವರ್ಷದಲ್ಲಿಯೂ 14,400 ಲೀಟರು. ಆರು ಜನರ ಮನೆಯಲ್ಲಿ ಕುಡಿಯಲಿಕ್ಕೂ ಅಡಿಗೆಗೂ ತಲೆಗೆ 5 ಲೀಟರಿನಂತೆ ದಿನಕ್ಕೆ 30 ಲೀಟರು; ವರ್ಷಕ್ಕೆ 10,950. ಬರದ ವರ್ಷವೂ ದಾಟಿತು. ಎಲ್ಲವನ್ನೂ ಒಮ್ಮೆಲೇ ತುಂಬಿಡಬೇಕಾಗಿಲ್ಲ. ನವೆಂಬರದಿಂದ ಮೇ ಕೊನೆಯವರೆಗಿನ 212 ದಿನಗಳಿಗೆ 6,360 ಲೀಟರು ಸಾಕು. 2 ಮೀಟರು ಉದ್ದ, 2 ಮೀಟರು ಅಗಲ, 1.75 ಮೀಟರು ಆಳದ ತೊಟ್ಟಿ ಅದನ್ನು ಹಿಡಿಯುತ್ತದೆ. ದೊಡ್ಡ ಹಗೇವಿಗಿಂತ ಇದೇನೂ ಹೆಚ್ಚಿನದಲ್ಲ. ಶಾಲೆಯ ಲೆಕ್ಕ ಇನ್ನೂ ಸೊಗಸಾದುದು. 40 ಮೀಟರು ಉದ್ದ, 8 ಮೀಟರು ಅಗಲದ ಕಟ್ಟಡದ ಮಾಳಿಗೆಯಿಂದ ಅದೇ ರೀತಿಯಲ್ಲಿ ಒಂದೂವರೆ ಲಕ್ಷ ಲೀಟರಿಗೂ ಮೀರಿ ನೀರು ಇಳಿಯುತ್ತದೆ. 500 ಮಕ್ಕಳು ಶಾಲೆಯಲ್ಲಿ ದಿನಕ್ಕೊಂದು ಲೀಟರು ಕುಡಿದರೆ 220 ದಿನಗಳಿಗೆ 1,10,000.

ಲೆಕ್ಕ ಇಷ್ಟು ಸುಲಭವಿದ್ದರೂ ಕೆಲಸ ಏಕೆ ನಿಂತುಹೋಗುತ್ತದೆಂಬುದನ್ನು ಯೋಚಿಸಬೇಕು. ಕರ್ನಾಟಕ ಸರಕಾರವು ರಾಜ್ಯೋದಯದ ಸುವರ್ಣ ವರ್ಷವಾದ 2006ರ ಹೊತ್ತಿಗೆ ‘ಸುವರ್ಣ ಜಲ’ವೆಂಬ ಯೋಜನೆಯನ್ನು ಹಮ್ಮಿಕೊಂಡು ಹಳ್ಳಿಯ ಶಾಲೆಗಳ ಮಾಳಿಗೆಗೆ ಕೊಳವೆ, ತೊಟ್ಟಿಗಳನ್ನು ಕೂಡಿಸಿತು. ಯೋಚನೆ ಉತ್ತಮವಾದದ್ದೇ. ಆದರೆ ಬಹಳ ಕಡೆ ಕೆಲವೇ ವರ್ಷಗಳಲ್ಲಿ ಕೊಳವೆ ಮುರಿದು, ಸೋಸುವ ಮರಳು ಗಟ್ಟಿಯಾಗಿ, ತೊಟ್ಟಿ ಬರಿದಾಗಿ ಬಿದ್ದಿತು. ಕಟ್ಟುವದಕ್ಕೆ ಹಣ ಬಂದಿತ್ತು. ಮಾಳಿಗೆ ಗುಡಿಸುವದಕ್ಕೆ ಕೈ ಬರಲಿಲ್ಲ. ಹಾಯಿದೋಣಿಯಲ್ಲಿ ಈ ಕೆಲಸ ತಪ್ಪುವದಿಲ್ಲ. ಬಕೀಟು ಇಡಲು ಮರೆತವನು ನಾಲ್ಕನೆಯ ದಿನ ಅದರ ಫಲವನ್ನು ಉಣ್ಣುತ್ತಾನೆ. ನೆಲದ ಮೇಲಿನವನಿಗೆ ಟ್ಯಾಂಕರು ಬರುತ್ತದೆಂಬ ಧೈರ್ಯವಿದೆ.

ಅಷ್ಟೇ ಅಲ್ಲ, ಹೊಳೆಯ ನೀರೂ ಮನೆಬಾಗಿಲಿಗೆ ಬಂದಿದೆ. 1964ರ ಮೇ 22ರಂದು ಲಾಲಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟ ಆಲಮಟ್ಟಿಯ ಆಣೆಕಟ್ಟು 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಮರ ಕೈಯಿಂದ ಲೋಕಾರ್ಪಣೆಗೊಂಡಿತು. 519.60 ಮೀಟರಿನ ಮಟ್ಟದಲ್ಲಿ 123 ಟಿ.ಎಂ.ಸಿ. ನೀರು ಅಲ್ಲಿ ನಿಲ್ಲುತ್ತದೆ. ಆ ನೀರಿಗಾಗಿ ಕೊಲ್ಹಾರದಂಥ ಊರುಗಳು ತಮ್ಮ ಹಳೆಯ ಮನೆ, ಗುಡಿ, ಬಾವಿಗಳನ್ನು ಮುಳುಗಿಸಿಕೊಟ್ಟು ಎತ್ತರದ ನೆಲಕ್ಕೆ ಹೋಗಿ ನೆಲಸಿದವು. ಮೊಸರಿಗೆ ಹೆಸರಾದ ಆ ಊರಿನ ಹಳೆಯ ಓಣಿಗಳ ಮೇಲೆ ಇಂದು ಮೀನುಗಾರರ ದೋಣಿಗಳು ಹಾಯುತ್ತವೆ. ಏತನೀರಾವರಿಯ ಕಾಲುವೆಗಳು ಬಸವನ ಬಾಗೇವಾಡಿಯನ್ನು ಮುಟ್ಟಿವೆ. ಬತ್ತಿದ ಕೆರೆಗಳನ್ನು ಹೊಳೆಯ ನೀರಿನಿಂದ ತುಂಬಿಸಲಾಗಿದೆ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯ ನಳಗಳು ಓಣಿ ಓಣಿಗಳಲ್ಲಿ ನಿಂತಿವೆ. ಇದನ್ನು ಹಗುರವಾಗಿ ಕಾಣುವದು ಕೃತಘ್ನತೆಯಾದೀತು. ತಲೆಯ ಮೇಲಿನ ಕೊಡ ಇಳಿದದ್ದು ಹೆಣ್ಣುಮಕ್ಕಳ ಪಾಲಿಗೆ ಸಣ್ಣ ಬಿಡುಗಡೆಯಲ್ಲ.

ಆದರೆ ನಳದ ನೀರು ದೂರದ ಹೊಳೆಯನ್ನು, ವಿದ್ಯುತ್ತನ್ನು, ಮೈಲುಗಟ್ಟಲೆ ಕೊಳವೆಯನ್ನು ನಂಬಿರುತ್ತದೆ. ಮೂರರಲ್ಲಿ ಒಂದು ಕೈಬಿಟ್ಟ ದಿನ ಊರು ಮತ್ತೆ ಕೊಳವೆಬಾವಿಗೆ ಮರಳುತ್ತದೆ. ಎರೆನೆಲಕ್ಕೆ ಕಾಲುವೆಯ ನೀರನ್ನು ಮಿತಿಮೀರಿ ಹರಿಸಿದಲ್ಲಿ ತಳದ ಉಪ್ಪು ಮೇಲೆದ್ದು ಹೊಲ ಸವಳುಜವಳಾಗುವದೂ ಉಂಟು. ಜೋಳ ಬೆಳೆದ ನೆಲ ಬೆಳ್ಳಗೆ ಬೂದಿ ಬಳಿದಂತೆ ಕಾಣುವ ದೃಶ್ಯ ಕೃಷ್ಣೆಯ ನೀರಾವರಿ ಪ್ರದೇಶಗಳಲ್ಲಿ ಹೊಸದಲ್ಲ. ಸವಳನ್ನು ಸಿಹಿಮಾಡಲು ಊರೂರಿಗೆ ಶುದ್ಧನೀರಿನ ಘಟಕಗಳು ಬಂದಿವೆ. ನಾಣ್ಯ ಹಾಕಿದರೆ ಕೊಡ ತುಂಬುತ್ತದೆ. ಇಂದಿನ ಹಡಗುಗಳಲ್ಲಿ ಕಡಲನೀರನ್ನು ಕುಡಿಯುವಂತೆ ಮಾಡುವ ಯಂತ್ರವೂ ಇದೇ ತತ್ತ್ವದ್ದು: ನೀರನ್ನು ಬಲವಾದ ಒತ್ತಡದಿಂದ ಸೂಕ್ಷ್ಮವಾದ ಪೊರೆಯೊಂದರ ಮೂಲಕ ಹಾಯಿಸಿದರೆ ಉಪ್ಪು ಆಚೆ ಉಳಿಯುತ್ತದೆ. ಹಡಗಿನವನು ಉಳಿದ ಉಪ್ಪುನೀರನ್ನು ಕಡಲಿಗೇ ಸುರಿಯುತ್ತಾನೆ. ಅಲ್ಲಿ ಅದು ಲೆಕ್ಕಕ್ಕಿಲ್ಲ. ಊರಿನ ಘಟಕದಿಂದ ಹೊರಬೀಳುವ ಇಮ್ಮಡಿ ಸವಳಿನ ನೀರು ಚರಂಡಿಗೋ ಹತ್ತಿರದ ಹೊಲಕ್ಕೋ ಹೋಗಿ ಮತ್ತೆ ಅದೇ ನೆಲಕ್ಕೆ ಇಳಿಯುತ್ತದೆ.

ಹೊಲದ ಮಟ್ಟಿಗೆ ಮಳೆಯನ್ನು ಹಿಡಿಯುವ ವಿದ್ಯೆ ಈ ಸೀಮೆಯಲ್ಲಿ ಸತ್ತಿಲ್ಲ. 1930ರ ದಶಕದಿಂದ ವಿಜಯಪುರದ ಒಣಬೇಸಾಯ ಸಂಶೋಧನೆ ನಡೆದುಬಂದಿದೆ. ಹಿಂಗಾರಿಯ ಹೊಲದಲ್ಲಿ ಮುಂಗಾರಿಯ ಹೊತ್ತಿಗೇ ಚೌಕುಮಡಿ ಹಾಕಿ ಬಿದ್ದ ಮಳೆಯನ್ನು ಬಿದ್ದಲ್ಲಿಯೇ ನಿಲ್ಲಿಸುವ ರೂಢಿಯನ್ನು ಒಕ್ಕಲಿಗರು ಒಪ್ಪಿಕೊಂಡಿದ್ದಾರೆ. ಇಂಡಿಯ ನಿಂಬೆಯ ತೋಟಗಳಲ್ಲಿ ಕೃಷಿಹೊಂಡಗಳು ಬಂದಿವೆ. ನಿಂಬೆಗೆ ನೀರುಳಿಸಿದವನು ಮನೆಯ ಹರವಿಗೆ ಉಳಿಸಲಾರನೆ?

ಉಳಿಸಬೇಕೆಂದವನು ಪಂಚಾಂಗವನ್ನು ನೋಡಿಕೊಂಡರೆ ಸಾಕು. ಮೃಗಶಿರದ ಮಳೆಗೆ ಮುಂಚೆ ಮಾಳಿಗೆಯನ್ನು ಗುಡಿಸಿ, ಒಣಗಿಸಲು ಹಾಕಿದ್ದ ಕಟ್ಟಿಗೆ, ಕುಳ್ಳುಗಳನ್ನು ಕೆಳಗಿಳಿಸಬೇಕು. ಕೊಳವೆಗೆ ಎರಡು ಬಾಯಿಗಳಿರಬೇಕು; ಒಂದು ಹೊರಕ್ಕೆ, ಒಂದು ತೊಟ್ಟಿಗೆ. ಮೊದಲಿನ ಒಂದೆರಡು ಮಳೆಗಳನ್ನೂ, ಮುಂದೆ ಬಿಡುವಿನ ನಂತರ ಬಂದ ಪ್ರತಿ ಮಳೆಯ ಮೊದಲ ಹತ್ತು ನಿಮಿಷಗಳನ್ನೂ ಹೊರಕ್ಕೆ ಬಿಡಬೇಕು. ನಾವಿಕನು ಹಾಯಿಯ ಉಪ್ಪನ್ನು ತೊಳೆಯಗೊಡುವಂತೆ. ಇಲ್ಲಿ ತೊಳೆಯಬೇಕಾದದ್ದು ಧೂಳು, ಹಕ್ಕಿಯ ಹಿಕ್ಕೆ. ಜಲ್ಲಿ, ಮರಳು, ಇದ್ದಿಲುಗಳ ಪದರದಿಂದ ಸೋಸಿ ಒಳಗೆ ಬಿಟ್ಟ ನೀರಿಗೆ ಬೆಳಕು ತಾಗಬಾರದು, ಸೊಳ್ಳೆ ಹೋಗಬಾರದು. ಬೆಳಕು ಕಂಡ ನೀರು ಪಾಚಿಗಟ್ಟುತ್ತದೆ. ಕೊಡವನ್ನು ಒಳಗೆ ಅದ್ದದೆ ನಲ್ಲಿಯಿಂದಲೇ ಹಿಡಿಯಬೇಕು. ಕುಡಿಯುವ ಮೊದಲು ಕಾಯಿಸುವದು ಲೇಸು. ಮೊದಮೊದಲು ಈ ನೀರು ಸಪ್ಪೆಯೆಂದು ಮುದುಕರು ಮುಖ ಸಿಂಡರಿಸುತ್ತಾರೆ. ಹುಟ್ಟಿದಂದಿನಿಂದ ಸವಳನ್ನು ಕುಡಿದ ನಾಲಿಗೆಗೆ ಸಿಹಿನೀರಿನಲ್ಲಿ ಏನೋ ಕೊರತೆ ತೋರುವದು ಸಹಜವೇ. ಬೇಳೆ ಬೆಂದದ್ದನ್ನು ಕಂಡ ಮೇಲೆ ಮನೆಯ ಹೆಂಗಸರು ಅವರ ಮಾತಿಗೆ ಕಿವಿಗೊಡುವದಿಲ್ಲ.

ಆಶ್ಲೇಷ, ಮಘೆಗಳು ಈ ಕಡೆಗೆ ಬಹುಧಾ ಮೋಡ ತೋರಿಸಿ ಹೋಗುತ್ತವೆ. ನಂಬಿಕೆಯ ಮಳೆ ಸೆಪ್ಟೆಂಬರದ್ದು. ಉತ್ತರೆ ಹುಟ್ಟುವ ಹೊತ್ತಿಗೆ ಮಾಳಿಗೆಯು ಹಲವು ಸಲ ತೊಳೆದು ಶುಭ್ರವಾಗಿರುತ್ತದೆ, ಗಾಳಿಯ ಧೂಳು ಅಡಗಿರುತ್ತದೆ. ಹುಬ್ಬೆಯ ಕೊನೆಗೆ ತೊಟ್ಟಿಯನ್ನು ಒಮ್ಮೆ ಬರಿದುಮಾಡಿ, ತಳವನ್ನು ತಿಕ್ಕಿ, ಸುಣ್ಣ ಬಳಿದು ಇಟ್ಟುಕೊಂಡರೆ ಉತ್ತರೆ, ಹಸ್ತಗಳ ನೀರು ತುಂಬುತ್ತದೆ. ಜೋಳ ಬಿತ್ತುವ ಕೂರಿಗೆಯೂ ಅದೇ ವಾರ ಹೊಲಕ್ಕೆ ಹೊರಡುತ್ತದಾದ್ದರಿಂದ ತೊಟ್ಟಿಯ ಕೆಲಸವನ್ನು ನಾಲ್ಕು ದಿನ ಮುಂಚೆಯೇ ಮುಗಿಸಿಕೊಳ್ಳಬೇಕು.